ತಾಡಪತ್ರಿಯ ಅಂಚಿಗೆ ಇಟ್ಟ ಭಾರ

ಶೇಂಗಾ ಬೀಜ ಹೊರದೇಶಕ್ಕೆ ಹೋಗಬೇಕಾದರೆ ಪ್ರತಿ ಚೀಲದ ಮೇಲೂ ಒಂದು ನಂಬರು ಅಚ್ಚಾಗಿರಬೇಕು. ಕಾಯಿ ಒಡೆದು, ಬೀಜ ಹಸನು ಮಾಡಿ, ಚೀಲ ತುಂಬಿದ ಘಟಕದ ನೋಂದಣಿ ನಂಬರು ಅದು. ಕೊಟ್ಟೂರಿನ ನನ್ನ ಘಟಕಕ್ಕೆ ಆ ನಂಬರು ಸಿಗಲು ಎರಡು ವರ್ಷ ಹಿಡಿಯಿತು. ನೆಲಕ್ಕೆ ಸಿಮೆಂಟು, ಕಿಟಕಿಗೆ ಜಾಲರಿ, ಕೆಲಸದ ಹೆಂಗಸರ ತಲೆಗೆ ಟೋಪಿ, ಕೈ ತೊಳೆಯಲು ನಲ್ಲಿ, ಬೋನಿಗೆ ಬಿದ್ದ ಇಲಿಗಳನ್ನು ಬರೆದಿಡಲು ಒಂದು ರಿಜಿಸ್ಟರು. ನಂಬರು ಇದ್ದರೆ ನನ್ನ ಶೇಂಗಾ ಹಡಗು ಹತ್ತುತ್ತದೆ. ಇಲ್ಲದಿದ್ದರೆ ಎಣ್ಣೆ ಮಿಲ್ಲಿಗೆ ಹೋಗುತ್ತದೆ. ಅಲ್ಲಿ ಅದರ ಬಣ್ಣ, ಗಾತ್ರ ಕೇಳುವವರು ಯಾರೂ ಇಲ್ಲ.

ಆ ನಂಬರನ್ನು ಒಂದು ಬೇಸಿಗೆಯಲ್ಲಿ ನಾನೇ ಕಳೆದುಕೊಳ್ಳುವುದರಲ್ಲಿದ್ದೆ. ಇಂಥ ಘಟಕ ನಡೆಸುವವರು ಇದನ್ನು ಅವಸರ ಮಾಡದೆ ಓದಿ. ನಾನು ಮಾಡಿದ ತಪ್ಪು ಬುದ್ಧಿ ಇಲ್ಲದವರು ಮಾಡುವಂಥದ್ದಲ್ಲ, ಬುದ್ಧಿ ಹೆಚ್ಚಾದವರು ಮಾಡುವಂಥದ್ದು.

ಆ ವರ್ಷ ಪೂರ್ವದ ಒಂದು ದೇಶ ನಮ್ಮ ಶೇಂಗಾವನ್ನು ಕೆಲಕಾಲ ನಿಲ್ಲಿಸಿ ಮತ್ತೆ ಬಾಗಿಲು ತೆರೆದಿತ್ತು. ನಿಲ್ಲಿಸಿದ್ದು ಒಂದು ಹುಳುವಿನ ಕಾರಣಕ್ಕೆ. ಗೋಧಿಕಾಳಿಗಿಂತ ಸ್ವಲ್ಪ ಚಿಕ್ಕದು, ಬೂದುಗಂದು ಬಣ್ಣ, ಹಿಂಗಾಲು ಮಾತ್ರ ದೇಹಕ್ಕೆ ಒಪ್ಪದಷ್ಟು ದಪ್ಪ. ಆ ದೇಶದಲ್ಲಿ ಅದು ಇಲ್ಲವಂತೆ, ಬರುವುದೂ ಅವರಿಗೆ ಬೇಕಿಲ್ಲ. ಅದಕ್ಕೆ ಹೊಸ ಷರತ್ತು: ನಮ್ಮ ಸರ್ಕಾರದ ಸಸ್ಯ ತಪಾಸಣೆ ಅಧಿಕಾರಿ ಗೋದಾಮಿಗೇ ಬಂದು ನೋಡಿ, ‘ಈ ಮಾಲಿನಲ್ಲಿ ಆ ಹುಳು ಇಲ್ಲ’ ಎಂದು ಪ್ರಮಾಣಪತ್ರದಲ್ಲಿ ಪ್ರತ್ಯೇಕ ಸಾಲು ಬರೆದುಕೊಡಬೇಕು. ಜೀವಂತ ಹುಳು ಒಂದೇ ಒಂದು ಕಂಡರೂ ಆ ಸಾಲು ಇಲ್ಲ. ಮೂರು ತಪಾಸಣೆಯಲ್ಲೂ ಕಂಡರೆ ಘಟಕದ ನಂಬರು ರದ್ದು.

ನನ್ನ ಆರ್ಡರು ಒಂದು ಕಂಟೇನರಿನದು, ಮುನ್ನೂರ ಎಂಬತ್ತು ಚೀಲ. ಕೊಂಡವನು ಚೆನ್ನೈನಲ್ಲಿ ಕೂತ ರಫ್ತುದಾರ. ಬಳ್ಳಾರಿಯಲ್ಲಿ ಬಹಳ ವರ್ಷ ಇದ್ದ ತೆಲುಗಿನವನು. ಕೂಡ್ಲಿಗಿ ಕಡೆಯ ಬೇಸಿಗೆ ಶೇಂಗಾ ಆರಿಸಿ ಆರಿಸಿ ತಂದೆ. ಕಿವಿಯ ಹತ್ತಿರ ಕಾಯಿ ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಆಗಲೇ ಅದು ಒಣಗಿದೆ ಎಂದರ್ಥ. ತೇವ ನೋಡುವ ಮೀಟರು ಆಮೇಲಿನ ಮಾತು. ಒಡೆಯುವ ಮಿಷನ್ನಿಗೆ ಹಾಕಿ, ಮೂರು ಜರಡಿ ದಾಟಿಸಿ, ಹೆಂಗಸರಿಂದ ಕೈಯಲ್ಲಿ ಹಸನು ಮಾಡಿಸಿ, ಚೀಲ ತುಂಬಿಸಿ, ಮರದ ಹಲಗೆಗಳ ಮೇಲೆ ಒಂದರ ಮೇಲೊಂದು ಪೇರಿಸಿ ಅಟ್ಟಿ ಕಟ್ಟಿಸಿದೆ.

ಅಟ್ಟಿ ಕಟ್ಟಿದ ಮೇಲೆ ಗ್ಯಾಸ್ ಕೊಡಬೇಕು. ಚೀಲಗಳ ನಡುವೆ ಗುಳಿಗೆ ಇಟ್ಟು, ಮೇಲಿಂದ ದಪ್ಪ ತಾಡಪತ್ರಿ ಮುಚ್ಚಿ, ನೆಲಕ್ಕೆ ತಾಗಿದ ಅಂಚಿನ ಮೇಲೆ ಸುತ್ತಲೂ ಭಾರ ಇಡುತ್ತಾರೆ. ಗುಳಿಗೆ ಗಾಳಿಯ ತೇವಕ್ಕೆ ಕರಗಿ ಗ್ಯಾಸಾಗುತ್ತದೆ. ಏಳು ದಿನ ಅದು ಹೊರಗೆ ಹೋಗದಂತೆ ಹಿಡಿದಿಟ್ಟರೆ ಒಳಗಿನ ಹುಳು, ಮರಿ, ಮೊಟ್ಟೆ ಎಲ್ಲ ಸಾಯುತ್ತವೆ. ಈ ಕೆಲಸಕ್ಕೆ ಲೈಸೆನ್ಸ್ ಇದ್ದವನೇ ಬೇಕು. ನಮ್ಮ ಗ್ಯಾಸಿನವನು ಹಗರಿಬೊಮ್ಮನಹಳ್ಳಿಯವನು, ನನಗಿಂತ ಚಿಕ್ಕವನು, ಮಾತು ಕಡಿಮೆ.

ಅಂಚಿಗೆ ಇಡುವ ಭಾರ ಎಲ್ಲ ಕಡೆಯೂ ಮರಳು ತುಂಬಿದ ಉದ್ದನೆಯ ಚೀಲ. ನನ್ನ ಗೋದಾಮಿನಲ್ಲಿ ಮಾತ್ರ ಬೇರೆ. ಶೇಂಗಾಕ್ಕೆ ಬರುವ ಮೊದಲು ನನ್ನದು ಹುಣಸೆಹಣ್ಣಿನ ವ್ಯಾಪಾರ, ಈಗಲೂ ಬಿಟ್ಟಿಲ್ಲ. ಹಣ್ಣು ಬಿಡಿಸಿದಾಗ ಬೀಜ ರಾಶಿ ಬೀಳುತ್ತದೆ. ಪುಡಿ ಮಾಡುವ ಮಿಲ್ಲಿನವರು ಬಂದು ಒಯ್ಯುವ ತನಕ ಅದು ಸುಮ್ಮನೆ ಕೂತಿರುತ್ತದೆ. ಹಿಂದಿನ ವರ್ಷವೇ ನನಗೆ ಹೊಳೆದಿತ್ತು: ಮರಳಿನ ಬದಲು ಹುಣಸೆ ಬೀಜ ತುಂಬಿದರೆ? ಭಾರ ಅಷ್ಟೇ, ಸೋರುವುದಿಲ್ಲ, ಧೂಳಿಲ್ಲ, ಕೆಲಸ ಮುಗಿದ ಮೇಲೆ ಮಾರಲೂ ಬರುತ್ತದೆ. ನಲವತ್ತು ಉದ್ದ ಚೀಲ ಹೊಲಿಸಿ ಬೀಜ ತುಂಬಿಸಿದ್ದೆ.

ಮೊದಲ ಸಲ ಇಡುವ ದಿನವೇ ಗ್ಯಾಸಿನವನು ಆ ಚೀಲಗಳನ್ನು ಕಾಲಲ್ಲಿ ಒತ್ತಿ ನೋಡಿ ಹೇಳಿದ, “ಅಕ್ಕಾ, ಉಸುಕು ತುಂಬಿದ್ರ ಚೊಲೋ ಇತ್ತು.”

“ಉಸುಕು ತರಾಕ ಹಲವಾಗಲಿನ ಹೊಳಿ ತನಕ ಹೋಗಬೇಕು. ಹೋದ್ರೂ ಪರ್ಮಿಟ್ ಇಲ್ದ ಒಂದ್ ಬುಟ್ಟಿ ಎತ್ತಾಕ ಬಿಡೂದಿಲ್ಲ. ಅಂಗಳದಾಗ ಬಿದ್ದ ಬೀಜ ಬಿಟ್ಟು ಆ ರಾಮಾಯಣ ಯಾವನಿಗೆ ಬೇಕೋ ತಮ್ಮಾ?”

“ಎಲ್ಲಾ ಕಡೀಗೂ ಉಸುಕ ಇಡ್ತಾರ, ಅದಕ್ಕ ಅಂದೆ.”

“ಎಲ್ಲಾರಿಗೂ ಹುಣಸಿ ವ್ಯಾಪಾರ ಐತೇನು? ತೂಕ ಬೇಕಾಗಿದ್ದು ನಿನಗ. ತೂಕ ಐತಿ. ಇಡು.”

ಇಟ್ಟ. ಎಲ್ಲರೂ ಒಪ್ಪುವಂತೆ ಮಾತಾಡುವುದು ನನ್ನ ಕಸುಬು. ಅದೇ ವರ್ಷ ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ಮೂರು ಘಟಕದವರಿಗೂ ಇದನ್ನೇ ಹೇಳಿಕೊಟ್ಟು ಬಂದಿದ್ದೆ. ಸಲಹೆ ಕೊಡು ಎಂದು ಯಾರೂ ಕೇಳಿರಲಿಲ್ಲ.

ಈ ಸಲದ ಅಟ್ಟಿಗೂ ಅವೇ ಚೀಲ. ಏಳು ದಿನ ಕಳೆದು ತಾಡಪತ್ರಿ ತೆಗೆದರು. ಹುಣಸೆ ಬೀಜದ ಚೀಲಗಳನ್ನು ಅಲ್ಲೇ ಗೋಡೆಗೆ ಒರಗಿಸಿ ಸಾಲಾಗಿ ಇಟ್ಟರು. ಬಾಗಿಲು ತೆರೆದು ಗಾಳಿಯಾಡಿಸಿದ ಐದನೆಯ ದಿನ ಅಧಿಕಾರಿ ಬಂದರು.

ಐವತ್ತು ದಾಟಿದ ಮನುಷ್ಯ, ಮೈಸೂರು ಸೀಮೆಯ ಮಾತು. ಚಹಾ ತರಿಸಿದೆ, ಕುಡಿಯಲಿಲ್ಲ. ನೀರು ಕೂಡ ಅವರ ಚೀಲದ್ದೇ. ತಮ್ಮ ಜೊತೆ ಒಂದು ಬಿಳಿ ಪಿಂಗಾಣಿ ತಟ್ಟೆ ತಂದಿದ್ದರು. ಮೊನಚು ಕೊಳವೆಯಿಂದ ಶೇಂಗಾ ಚೀಲಕ್ಕೆ ಚುಚ್ಚಿ ಬೀಜ ತೆಗೆದು ತಟ್ಟೆಗೆ ಸುರಿದು, ತಟ್ಟೆಯ ಅಂಚಿಗೆ ಬೆರಳಿನಿಂದ ಟಕಟಕ ತಟ್ಟಿ ಕಾಯುವರು. ಹುಳು ಮೊದಲು ಸತ್ತಂತೆ ಬಿದ್ದಿರುತ್ತದೆ, ಆಮೇಲೆ ಕಾಲು ಚಾಚುತ್ತದೆ. ಮೂವತ್ತು ಚೀಲ ಹೀಗೆ ನೋಡಿದರು. ಏನೂ ಇಲ್ಲ. ನಾನು ಮನಸ್ಸಿನಲ್ಲೇ ಕಂಟೇನರಿಗೆ ಲಾರಿ ಹೇಳಿಬಿಟ್ಟಿದ್ದೆ. ಅವರು ಎದ್ದವರು ಅಟ್ಟಿಯ ಕೆಳಸಾಲಿನ ಚೀಲವೊಂದರ ಹೊಲಿಗೆಯನ್ನು ಬ್ಯಾಟರಿ ಹಾಕಿ ನೋಡಿದರು. ಅಲ್ಲಿಂದ ಎರಡು ಹುಳು ತಟ್ಟೆಗೆ ಬಿದ್ದವು. ಟಕ, ಟಕ. ಒಂದು ಕಾಲು ಚಾಚಿತು.

“ಇದೇ ಮೇಡಂ. ಹಿಂಗಾಲು ನೋಡಿ.”

“ಸಾಹೇಬ್ರ, ಇದು ಹೊರಗಿಂದ ಹಾರಿ ಬಂದಿರಬೇಕ್ರಿ.”

“ಬಂದಿರಬಹುದು. ಆದ್ರೆ ಇದೆಯಲ್ಲ.”

“ಮುನ್ನೂರ ಎಂಬತ್ತು ಚೀಲದಾಗ ಎರಡ್ರಿ! ಇನ್ನೊಂದ್ ಹತ್ತು ಚೀಲ ನೋಡ್ರಿ, ಬೇಕಾದ್ರ ಇಪ್ಪತ್ತು ನೋಡ್ರಿ.”

“ಜಾಸ್ತಿ ನೋಡಿದ್ರೆ ಕಮ್ಮಿ ಆಗುತ್ತಾ ಮೇಡಂ?”

ಅಟ್ಟಿಗೆ ಸುತ್ತಲೂ ಪಟ್ಟಿ ಕಟ್ಟಿ ಸೀಲು ಹಾಕಿದರು. ಸೀಲು ಇರುವ ತನಕ ಆ ಗೋದಾಮಿನಿಂದ ಶೇಂಗಾದ ಒಂದು ಚೀಲವೂ ಹೊರಗೆ ಹೋಗುವಂತಿಲ್ಲ, ಹೊಸ ಮಾಲು ಒಳಗೆ ಬರುವಂತಿಲ್ಲ. ಮತ್ತೆ ಗ್ಯಾಸ್ ಕೊಟ್ಟು ಕರೆಯಬೇಕು. ಬೀಗ ನನ್ನದು, ಬೀಗದ ಕೈ ನನ್ನ ಸೊಂಟದಲ್ಲಿ, ಆದರೆ ಗೋದಾಮು ನನ್ನದಾಗಿ ಉಳಿಯಲಿಲ್ಲ.

ಸುಗ್ಗಿಯ ನಡುವೆ ಇದು ಎಂಥ ಇಕ್ಕಟ್ಟು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಗೇಟಿನ ಮುಂದೆ ಟ್ರ್ಯಾಕ್ಟರು ಬಂದು ನಿಂತು ಹಾರ್ನು ಹೊಡೆಯುತ್ತವೆ. “ಇವತ್ತು ತೂಕ ಇಲ್ಲ” ಎಂದು ನಾನೇ ಹೋಗಿ ಹೇಳಬೇಕು. ಎರಡು ದಿನ ಹೇಳಿದರೆ ಮೂರನೆಯ ದಿನ ಟ್ರ್ಯಾಕ್ಟರು ಬೇರೆ ಗೇಟಿಗೆ ಹೋಗುತ್ತದೆ. ಮಿಷನ್ನು ನಿಂತಿದೆ. ಹೆಂಗಸರಿಗೆ ಅಂಗಳದಲ್ಲಿ ಹುಣಸೆಹಣ್ಣಿನ ಕೆಲಸ ಕೊಟ್ಟೆ.

ನಾನು ಸುಮ್ಮನೆ ಕೂರುವವಳಲ್ಲ. ರಫ್ತುದಾರನಿಗೆ ಫೋನ್ ಮಾಡಿ, ಈ ಹುಳುವಿನ ಷರತ್ತಿಲ್ಲದ ಬೇರೆ ದೇಶಕ್ಕೆ ಈ ಅಟ್ಟಿಯನ್ನು ತಿರುಗಿಸು ಎಂದೆ.

“ಅಮ್ಮಾ, ಚೀಲದ ಮೇಲೆ ಆ ದೇಶದ ಭಾಷೆ ಅಚ್ಚಾಗಿದೆ. ಅವರ ಪರವಾನಗಿ ಇರೋದೇ ಈ ಒಂದು ಲಾಟಿಗೆ. ಯಾರಿಗೆ ತಿರುಗಿಸಲಿ?”

“ಚೀಲ ಬದಲಿ ಮಾಡ್ತೀನಿ.”

“ಸೀಲಿದೆಯಲ್ಲಮ್ಮಾ. ಬಿಚ್ಚಿದರೆ ನಂಬರು ಅವತ್ತೇ ಹೋಗ್ತದೆ. ನೀನು ಎಲ್ಲಾ ಕಡೆ ಬಾಗಿಲು ಹುಡುಕ್ತೀಯ, ಇದಕ್ಕೆ ಬಾಗಿಲಿಲ್ಲ. ಕಿಟಕಿ ಇದೆ, ಅದಕ್ಕೂ ನೀನೇ ಜಾಲರಿ ಹೊಡೆಸಿದ್ದೀಯ.”

ಅವನು ನಕ್ಕ. ನನಗೂ ನಗು ಬಂತು, ಆದರೆ ಅದು ಬೇಗ ಹೋಯಿತು.

ಸಂತೆಯಲ್ಲಿ ಒಂದು ದರಕ್ಕೆ ಒಪ್ಪದಿದ್ದರೆ ಎದ್ದು ನಾಲ್ಕು ಹೆಜ್ಜೆ ಹೋಗುತ್ತೇವೆ, ಅವರು ಕರೆಯುತ್ತಾರೆ. ಕರೆಯದಿದ್ದರೆ ನಾವೇ ತಿರುಗಿ ಬರುತ್ತೇವೆ. ಎರಡೂ ಕಡೆ ಸ್ವಲ್ಪ ಜಾಗ ಇರುತ್ತದೆ. ನಾನು ಬದುಕಿದ್ದೇ ಆ ಸ್ವಲ್ಪ ಜಾಗದಲ್ಲಿ. ಇಲ್ಲಿ ಆ ಜಾಗವೇ ಇರಲಿಲ್ಲ. ಒಂದು ಹುಳು ಇದ್ದರೂ ಇದೆ, ಇಲ್ಲದಿದ್ದರೆ ಇಲ್ಲ.

ಎರಡನೆಯ ಸಲ ಗ್ಯಾಸನ್ನು ಏಳು ದಿನಕ್ಕೆ ಬದಲು ಹತ್ತು ದಿನ ಹಿಡಿಸಿದೆ. ಗ್ಯಾಸಿನವನು ಗುಳಿಗೆ ಎಣಿಸುವಾಗ ನಾನೂ ಎದುರಿಗೆ ನಿಂತು ಎಣಿಸಿದೆ. ಅಂಚು ಸಡಿಲಾಗಬಾರದು ಎಂದು, ಒಂದು ಸಾಲು ಇಡುತ್ತಿದ್ದ ಹುಣಸೆ ಬೀಜದ ಚೀಲವನ್ನು, ಉಳಿದವನ್ನೂ ಸೇರಿಸಿ ಎರಡು ಸಾಲು ಇಡಿಸಿದೆ. ಇದನ್ನು ಬರೆಯುವಾಗಲೂ ಕೈ ನಿಲ್ಲುತ್ತದೆ. ಎರಡು ಸಾಲು ಇಡಿಸಿದೆ.

ತಾಡಪತ್ರಿ ತೆಗೆದ ದಿನ ನಾನೇ ಮೊಣಕಾಲೂರಿ ಒಂದೊಂದು ಹೊಲಿಗೆ ನೋಡಿದೆ. ಸತ್ತ ಹುಳು ಇದ್ದವು, ಜೀವಂತ ಒಂದೂ ಇಲ್ಲ. ನಾಲ್ಕು ದಿನ ಬಿಟ್ಟು ಅಧಿಕಾರಿ ಬಂದರು. ಟಕಟಕ. ಮೂರು ಹುಳು ಕಾಲು ಚಾಚಿದವು.

ಈ ಸಲ ಅವರು ಗ್ಯಾಸಿನವನ ಪುಸ್ತಕ ಕೇಳಿ ತೆಗೆದುಕೊಂಡರು. ಎಷ್ಟು ಗುಳಿಗೆ, ಯಾವ ದಿನ, ಎಷ್ಟು ಹೊತ್ತಿಗೆ ಎಂದು ಓದಿದರು.

“ಪುಸ್ತಕದಲ್ಲಿ ಸರಿ ಇದೆ. ಚೀಲದಲ್ಲಿ ಹುಳ ಇದೆ. ಹಾಗಿದ್ರೆ ಪುಸ್ತಕ ಸುಳ್ಳು ಇರಬೇಕು.”

ಗ್ಯಾಸಿನವನು, “ಸುಳ್ಳಲ್ರಿ ಸರ್,” ಎಂದ. ಎದುರು ನಿಂತು ಗುಳಿಗೆ ಎಣಿಸಿದ್ದ ನಾನು ತಟ್ಟೆಯ ಹುಳು ನೋಡುತ್ತಿದ್ದೆ.

ಹೋಗುವಾಗ ಅಧಿಕಾರಿ ಒಂದು ನಮೂನೆ ಕೊಟ್ಟು ಹೋದರು. ಅದರಲ್ಲಿ ಎರಡು ಕಾಲಂ: ‘ಹುಳು ಬರಲು ಕಾರಣ’, ‘ಕೈಗೊಂಡ ಕ್ರಮ’. ಏಳು ದಿನದೊಳಗೆ ಬರೆದು ಸಹಿ ಮಾಡಿ ಕೊಟ್ಟರೆ ಮೂರನೆಯ ತಪಾಸಣೆ. ಅದೇ ಕೊನೆಯದು. ರಫ್ತುದಾರನಿಗೆ ಆ ದೇಶ ಕೊಟ್ಟ ಪರವಾನಗಿಗೂ ಹೆಚ್ಚು ದಿನ ಉಳಿದಿರಲಿಲ್ಲ.

ಮೂರು ದಿನ ಆ ಕಾಗದ ಮೇಜಿನ ಮೇಲೆ ಖಾಲಿ ಕೂತಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಹೆಂಗಸರು ಬುತ್ತಿ ಬಿಚ್ಚಿದರು. ಹೊರಗೆ ಬಿಸಿಲು. ಗೋದಾಮಿನ ನೆರಳಿನಲ್ಲಿ, ಗೋಡೆಗೆ ಒರಗಿಸಿದ್ದ ಬೀಜದ ಚೀಲಗಳ ಮೇಲೆ ಸಾಲಾಗಿ ಕೂರುವುದು ಅವರ ರೂಢಿ. ಕುರ್ಚಿಗಿಂತ ಹಿತ ಎನ್ನುತ್ತಿದ್ದರು. ಅವರಿಗೆಲ್ಲ ಹಿರಿಯಳು ದೊಡ್ಡವ್ವ, ಕೂಡ್ಲಿಗಿ ಕಡೆಯವಳು. ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವುದರಲ್ಲೇ ಕೈ ಸವೆದವಳು. ನಾನು ಹುಣಸೆ ಮೂಟೆ ಹೊರುತ್ತಿದ್ದ ಕಾಲದಿಂದ ಬಲ್ಲಳು. ಹಾಗಾಗಿ ನನಗೆ ಅಂಜುವುದಿಲ್ಲ.

“ತಂಗೀ, ಬಾ ಇಲ್ಲಿ. ನನ್ನ ರೊಟ್ಟಿ ಮ್ಯಾಲ ನಿನ್ನ ನೆಂಟ ಬಂದಾನ.”

ರೊಟ್ಟಿಯ ಮೇಲೆ ಚಟ್ನಿಪುಡಿ, ಚಟ್ನಿಪುಡಿಯ ಅಂಚಿನಲ್ಲಿ ಒಂದು ಹುಳು. ದಪ್ಪ ಹಿಂಗಾಲು.

“ಇದ ನೋಡು ದೊಡ್ಡವ್ವ! ಇದ ನನ್ನ ಗೋದಾಮಿಗೆ ಬೀಗ ಹಾಕಿಸಿದ್ದು!”

“ಇದಾ?” ಆಕೆ ಬೆರಳಿನಿಂದ ಅದನ್ನು ಮಗುಚಿದಳು. “ಇದರ ಸಲುವಾಗಿ ಆ ಸಾಹೇಬ ಬ್ಯಾಟರಿ ಹಿಡ್ಕೊಂಡು ಮಕ್ಕಳಾಟ ಆಡಿದ್ನಾ? ನನ್ನ ಕೇಳಿದ್ರ ಬೊಗಸಿ ತುಂಬ ಕೊಡ್ತಿದ್ದೆ. ಇದು ಹುಣಸಿ ಹುಳ ಅಲ್ಲೇನ ಯವ್ವಾ.”

“ಏನಂದಿ?”

“ಹುಣಸಿ ಹುಳ. ಬೀಜದಾಗ ಇರ್ತತಿ. ತೂತು ಮಾಡಿ ಹೊರಗ ಬರ್ತತಿ. ನೀ ಮೂಟಿ ಹೊರೂವಾಗ ನಿನ್ನ ಕುಪ್ಪಸದಾಗ ಹೊಕ್ಕು ಕುಣಿದಿದ್ದಿಲ್ಲೇನು? ದೊಡ್ಡ ಸಾವ್ಕಾರ್ತಿ ಆದಿ, ಮರ್ತಿ.”

ಸುತ್ತಲಿದ್ದವರೆಲ್ಲ ನಕ್ಕರು. “ಏಳ್ರೇ, ಎಲ್ಲಾರೂ ಏಳ್ರಿ,” ಎಂದೆ. ಅವರು ಕೂತಿದ್ದ ಚೀಲ ಎಳೆದು ಬಾಯಿ ಬಿಚ್ಚಿದೆ. ಹುಣಸೆ ಬೀಜ ನೆಲಕ್ಕೆ ಸುರಿಯಿತು. ನಾಲ್ಕರಲ್ಲಿ ಒಂದಕ್ಕೆ ಸೂಜಿಯಿಂದ ಕೊರೆದಂಥ ದುಂಡು ತೂತು. ಚೀಲದ ಒಳಮಗ್ಗುಲಿಗೆ ಕಾಗದದಂಥ ಗೂಡುಗಳು ಅಂಟಿದ್ದವು. ಅವುಗಳ ನಡುವೆ ಐದಾರು ಹುಳು, ಬೆಳಕಿಗೆ ಸತ್ತಂತೆ ನಟಿಸುತ್ತ.

ಆಗ ಎಲ್ಲ ಅರ್ಥವಾಯಿತು. ಗ್ಯಾಸು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ತಾಡಪತ್ರಿಯ ಒಳಗೆ ಎಲ್ಲ ಸಾಯುತ್ತಿತ್ತು. ತಾಡಪತ್ರಿಯ ಹೊರಗೆ, ಅದರ ಅಂಚಿನ ಮೇಲೆ, ಅಟ್ಟಿಗೆ ಒಂದು ಮೊಳ ದೂರದಲ್ಲಿ ಹುಳುವಿನ ನಲವತ್ತು ಚೀಲವನ್ನು ನಾನೇ ಕಾವಲಿಗೆ ಇಟ್ಟಂತೆ ಇಟ್ಟಿದ್ದೆ. ತಾಡಪತ್ರಿ ತೆಗೆದ ಕೂಡಲೇ ಅವು ನಡೆದುಕೊಂಡೇ ಶೇಂಗಾಕ್ಕೆ ಹೋಗುತ್ತಿದ್ದವು. ಒಂದು ಸಾಲು ಸಾಲದೆಂದು ಎರಡು ಸಾಲು ಇಟ್ಟಿದ್ದೆ.

ಕಾರಣ ಸಿಕ್ಕಿತು. ಬಿಡುಗಡೆಯಾಯಿತು ಎಂದು ನೀವು ತಿಳಿಯಬಹುದು. ನಿಜವಾಗಿ ಸಿಕ್ಕಿಬಿದ್ದದ್ದು ಆಗ. ನೋಂದಣಿ ಕೊಡುವಾಗ ನನ್ನಿಂದ ಒಂದು ಮುಚ್ಚಳಿಕೆ ಬರೆಸಿಕೊಂಡಿದ್ದರು: ಈ ಗೋದಾಮಿನಲ್ಲಿ ಶೇಂಗಾ ಬಿಟ್ಟು ಬೇರೆ ಬೆಳೆಯ ಮಾಲು ಇಡುವುದಿಲ್ಲ. ನಾನು ಹುಣಸೆಹಣ್ಣನ್ನು ಅಂಗಳದಾಚೆ ಇಟ್ಟಿದ್ದೆ, ನಿಜ. ಬೀಜದ ಚೀಲವನ್ನು ಮಾಲು ಎಂದು ಎಣಿಸಿರಲೇ ಇಲ್ಲ, ಅದು ನನಗೆ ತೂಕದ ಕಲ್ಲು. ಕಾಗದಕ್ಕೆ ಅದು ಗೊತ್ತಾಗುವುದಿಲ್ಲ. ನಿಜ ಬರೆದರೆ ಮೂರನೆಯ ತಪಾಸಣೆಗೂ ಕಾಯದೆ ನಂಬರು ಕಿತ್ತುಕೊಳ್ಳಲು ಅವರಿಗೆ ದಾರಿ ಇತ್ತು.

ರಫ್ತುದಾರನಿಗೆ ಮಾತ್ರ ಹೇಳಿದೆ. ಅವನು ಹೇಳಿದ, “ಸರೇ. ಬೀಜದ ಚೀಲ ಇವತ್ತೇ ಹೊರಗೆ ಹಾಕು. ಕಾರಣದ ಕಾಲಂನಲ್ಲಿ ಗ್ಯಾಸ್ ಕಡಿಮೆ ಆಗಿತ್ತು ಅಂತ ಬರಿ. ಕ್ರಮದ ಕಾಲಂನಲ್ಲಿ ಗ್ಯಾಸಿನವನನ್ನು ಬದಲಿ ಮಾಡಿದೆವು ಅಂತ ಬರಿ. ನಾನು ಇಲ್ಲಿಂದ ಒಬ್ಬನನ್ನು ಕಳಿಸ್ತೀನಿ. ಮೂರನೇದು ಪಾಸಾಗ್ತದೆ, ಹಡಗೂ ಸಿಗ್ತದೆ.”

“ಇವನ ಲೈಸೆನ್ಸು?”

“ಅಮ್ಮಾ, ಆ ಅಧಿಕಾರಿಗೆ ಅವನ ಮೇಲೆ ಹೇಗೂ ಅನುಮಾನ ಬಂದಿದೆ. ನೀನು ಹೊಸದಾಗಿ ಏನೂ ಹೇಳ್ತಿಲ್ಲ.”

ವ್ಯಾಪಾರದ ಕಣ್ಣಿಂದ ನೋಡಿದರೆ ಅದರಲ್ಲಿ ಒಂದೂ ಹುಳುಕಿರಲಿಲ್ಲ. ನಾನು ಪೆನ್ಸಿಲ್‌ನಲ್ಲಿ ಹಾಗೇ ಬರೆದೂ ನೋಡಿದೆ. ಎರಡು ಕಾಲಂನಲ್ಲೂ ಚಂದವಾಗಿ ಕೂತಿತು.

ಮರುದಿನ ಗ್ಯಾಸಿನವನು ತನ್ನ ತಾಡಪತ್ರಿ ಒಯ್ಯಲು ಬಂದ. ನಾನು ಬೀಜದ ಚೀಲಗಳನ್ನು ಅಂಗಳಕ್ಕೆ ಎಳೆಸಿದ್ದೆ. ಬಾಯಿ ಬಿಚ್ಚಿದ ಚೀಲದ ಹತ್ತಿರ ಕೂತು ಒಂದು ಬೀಜ ಎತ್ತಿ ತೂತು ನೋಡಿದ. ಕೆಳಗಿಟ್ಟ. ಇನ್ನೊಂದು ನೋಡಿದ. ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಏನಾರ ಅನ್ನೋ ತಮ್ಮಾ.”

“ಏನನ್ಲಿ ಅಕ್ಕಾ.” ತಾಡಪತ್ರಿ ಮಡಿಸುತ್ತಲೇ ಹೇಳಿದ. “ನೀವು ಏನ್ ಬರೀತೀರೋ ಬರೀರಿ. ಉಸುಕು ಇಡೂನು ಅಂತ ನಾ ಒಂದ ಸಲ ಹೇಳಿ ಬಿಟ್ಟೆ. ಲೈಸೆನ್ಸು ನಂದು, ಎರಡನೇ ಸಲ ಹೇಳಬೇಕಿತ್ತು. ನೀವು ಮಾತಾಡಾಕ ನಿಂತ್ರ ಎರಡನೇ ಸಲ ಹೇಳಾಕ ಧೈರ್ಯ ಬರೂದಿಲ್ಲ, ಅಷ್ಟ.”

ಬೈದಿದ್ದರೆ ನಾನೂ ಬೈಯುತ್ತಿದ್ದೆ, ಚೌಕಾಸಿ ಶುರುವಾಗುತ್ತಿತ್ತು. ಅವನು ತಪ್ಪಿನಲ್ಲಿ ತನ್ನ ಪಾಲು ತಾನೇ ಎತ್ತಿಕೊಂಡ. ಉಳಿದದ್ದು ನನ್ನ ಪಾಲು, ಅದನ್ನು ಯಾರ ಮೇಲೆ ಹೊರಿಸಲಿ? ಇನ್ನೊಂದು ಲೆಕ್ಕವೂ ತಲೆಯಲ್ಲಿತ್ತು, ಮುಚ್ಚಿಡುವುದಿಲ್ಲ. ನನ್ನ ಮಾತು ಕೇಳಿ ಬೀಜದ ಚೀಲ ಇಟ್ಟ ಮೂರು ಘಟಕದಲ್ಲಿ ಒಂದಲ್ಲ ಒಂದು ದಿನ ಇದೇ ಹುಳು ಸಿಗುತ್ತದೆ. ಅವತ್ತು ಅವರು ನನ್ನ ಹೆಸರು ಹೇಳುತ್ತಾರೆ. ಆಗ ಸುಳ್ಳಿನ ಕೆಳಗೆ ನನ್ನ ಸಹಿ ಇರುತ್ತದೆ. ಒಳ್ಳೆಯತನ ಎಷ್ಟು, ಹೆದರಿಕೆ ಎಷ್ಟು ಎಂದು ಈಗ ಜರಡಿ ಹಿಡಿದರೂ ಬೇರೆಯಾಗುವುದಿಲ್ಲ.

ಪೆನ್ಸಿಲ್ ಬರಹ ಅಳಿಸಿ ಪೆನ್ನಿನಲ್ಲಿ ಬರೆದೆ. ‘ಕಾರಣ: ತಾಡಪತ್ರಿಯ ಅಂಚಿಗೆ ಭಾರವಾಗಿ ಹುಣಸೆ ಬೀಜ ತುಂಬಿದ ನಲವತ್ತು ಚೀಲಗಳನ್ನು ಗೋದಾಮಿನೊಳಗೆ ಇಟ್ಟಿದ್ದೆ. ಈ ಹುಳು ಅದರಲ್ಲಿ ಇತ್ತು. ಮರಳು ಇಡಲು ಗ್ಯಾಸಿನವರು ಹೇಳಿದ್ದರು, ನಾನು ಕೇಳಲಿಲ್ಲ.’ ಅಂಚೆಗೆ ಹಾಕಲಿಲ್ಲ. ಬಸ್ಸು ಹತ್ತಿ ಅವರ ಕಚೇರಿಗೆ ಒಯ್ದು ಕೊಟ್ಟೆ.

ಅಧಿಕಾರಿ ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೇಡಂ, ನೀವಾಗಿ ಬರೀದೆ ಇದ್ದಿದ್ರೆ ಇದು ನಮಗೆ ಗೊತ್ತಾಗ್ತಿರಲಿಲ್ಲ.”

“ಗೊತ್ತೈತ್ರಿ ಸಾಹೇಬ್ರ.”

“ಮುಚ್ಚಳಿಕೆ ಬರ್ಕೊಟ್ಟಿದ್ದು ನೆನಪಿದೆಯಾ?”

“ಅದೂ ಐತ್ರಿ.”

“ಇದನ್ನ ನಾನೊಬ್ಬನೇ ತೀರ್ಮಾನ ಮಾಡೋಕೆ ಆಗಲ್ಲ. ಮೇಲೆ ಕಳಿಸ್ತೀನಿ. ನಂಬರು ಉಳಿಯುತ್ತೆ ಅಂತ ಮಾತು ಕೊಡಲ್ಲ.”

ನನ್ನ ಬಾಯಿಗೆ ಹತ್ತು ಮಾತು ಬಂದವು. ಎಷ್ಟು ಹೆಂಗಸರ ಕೆಲಸ, ಎಷ್ಟು ಹಳ್ಳಿಯ ಶೇಂಗಾ, ಎರಡು ವರ್ಷದ ಓಡಾಟ. ನಮಸ್ಕಾರ ಮಾಡಿ ಎದ್ದೆ. ಅವರು ಹಿಂದಿನಿಂದ, “ಚಹಾ ಕುಡಿದು ಹೋಗಿ,” ಎಂದರು. ಕುಡಿದೆ.

ಉತ್ತರಕ್ಕೆ ಕಾದ ಆ ದಿನಗಳಲ್ಲಿ ಹಡಗು ಹೋಯಿತು. ಆ ದೇಶದ ಪರವಾನಗಿಯ ಗಡುವೂ ಮುಗಿಯಿತು. ರಫ್ತುದಾರ ಬೈಯಲಿಲ್ಲ. “ನಿನಗೆ ವ್ಯಾಪಾರ ಗೊತ್ತು ಅಂದುಕೊಂಡಿದ್ದೆ ಅಮ್ಮಾ,” ಎಂದು ಫೋನಿಟ್ಟ. ಅದು ಬೈಗುಳಕ್ಕಿಂತ ಚುಚ್ಚಿತು.

ಕೊನೆಗೆ ಪತ್ರ ಬಂತು. ಆ ಅಟ್ಟಿ ಹೊರದೇಶಕ್ಕೆ ಹೋಗುವಂತಿಲ್ಲ, ಇಲ್ಲೇ ಮಾರಿಕೊಳ್ಳಬಹುದು. ಗೋದಾಮು ಖಾಲಿ ಮಾಡಿ ತೊಳೆದು, ನಲವತ್ತೈದು ದಿನ ಹಾಗೇ ಬಿಡಬೇಕು. ಆ ಹುಳುವಿನ ಒಂದು ತಲೆಮಾರು ಅಷ್ಟು ದಿನವಂತೆ. ಶುದ್ಧ ಶೇಂಗಾ ಕಾಯಿ ತುಂಬಿದ ಸಣ್ಣ ಬಲೆಚೀಲಗಳನ್ನು ಹತ್ತು ಕಡೆ ತೂಗುಹಾಕಬೇಕು. ಅಧಿಕಾರಿ ಬಂದು ಬಂದು ಅವನ್ನು ನೋಡುತ್ತಾರೆ. ಅಷ್ಟು ದಿನದಲ್ಲಿ ಒಂದು ಹುಳು ಬಂದರೂ ನಂಬರು ರದ್ದು. ಬಾರದಿದ್ದರೆ ನಂಬರು ನನ್ನದೇ.

ಮುನ್ನೂರ ಎಂಬತ್ತು ಚೀಲ ಎಣ್ಣೆ ಮಿಲ್ಲಿಗೆ ಹೋದವು. ಕೈಯಲ್ಲಿ ಒಂದೊಂದಾಗಿ ಹಸನು ಮಾಡಿದ ಬೀಜ ಗಾಣಕ್ಕೆ ಬೀಳುವುದನ್ನು ನಿಂತು ನೋಡಲಿಲ್ಲ. ಬೀಜದ ಚೀಲ ನಲವತ್ತನ್ನೂ ಇಟ್ಟಿಗೆ ಭಟ್ಟಿಗೆ ಕಳಿಸಿ ಸುಡಿಸಿದೆ. ಏನನ್ನೂ ಸುಮ್ಮನೆ ಬಿಸಾಡದವಳು ನಾನು, ದೊಡ್ಡವ್ವ ಬಾಯಿ ಮೇಲೆ ಸೆರಗಿಟ್ಟು ನೋಡುತ್ತಿದ್ದಳು.

ಆಮೇಲೆ ಮೂರು ಫೋನು. ಹಡಗಲಿಯವನೂ ಹಗರಿಬೊಮ್ಮನಹಳ್ಳಿಯವನೂ ಹೂಂ ಎಂದು ಕೇಳಿ ಅವತ್ತೇ ಬೀಜ ತೆಗೆಸಿದರು. ಹರಪನಹಳ್ಳಿಯವನು ಬಿಡಲಿಲ್ಲ.

“ಅಲ್ಲಕ್ಕಾ, ಹೋದ ವರ್ಷ ಬೀಜ ಇಡು ಅಂತ ಹೇಳೋಕೆ ನೀವೇ ಬಂದು ನಮ್ಮನೇಲಿ ಊಟ ಮಾಡ್ಕಂಡು ಹೋಗಿದ್ರಿ. ಈಗ ತೆಗಿ ಅಂತೀರಿ. ಮುಂದಿನ ವರ್ಷ ಏನು ಇಡ್ಲಿ, ಹೇಳಿಬಿಡ್ರಿ.”

“ನಿಮ್ಮನಿ ಊಟದ ಋಣ ಐತಿ, ಅದಕ್ಕ ಫೋನ್ ಮಾಡೀನಿ. ಇವತ್ತ ತೆಗಿ. ಮುಂದಿಂದು ಗ್ಯಾಸಿನವ್ನ ಕೇಳು, ನನ್ನ ಕೇಳಬ್ಯಾಡ.”

ನಲವತ್ತೈದು ದಿನ ಖಾಲಿ ಗೋದಾಮಿನಲ್ಲಿ ಹತ್ತು ಬಲೆಚೀಲ ತೂಗುತ್ತಿದ್ದವು. ದಿನಾ ಬೆಳಿಗ್ಗೆ ಹೋಗಿ ಒಂದೊಂದನ್ನೂ ಮುಟ್ಟದೆ ನೋಡುವುದು ನನ್ನ ಕೆಲಸ. ಮೂವತ್ತು ದಿನ ದಾಟಿದ ಮೇಲೆ ಒಂದು ಬೆಳಿಗ್ಗೆ ಕಿಟಕಿಯ ಹತ್ತಿರದ ಬಲೆಯ ಮೇಲೆ ಬೂದುಬಣ್ಣದ ಒಂದು ಹುಳು ಕೂತಿತ್ತು. ಬೆರಳಿನಲ್ಲಿ ಹೊಸಕಿ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಬೆರಳು ಮುಂದೆ ಹೋಗಿಯೂ ಇತ್ತು. ಹಿಂದೆ ತೆಗೆದು, ಅದರ ಮೇಲೆ ಒಂದು ಗಾಜಿನ ಲೋಟ ಬೋರಲು ಹಿಡಿದು, ಅಡಿಗೆ ರಟ್ಟು ಸರಿಸಿ, ಅಧಿಕಾರಿಗೆ ಫೋನ್ ಮಾಡಿದೆ. ಅವರು ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಷ್ಟು ಹೊತ್ತೂ ಲೋಟದ ಎದುರು ಕೂತಿದ್ದೆ. ಅದು ಲೋಟದೊಳಗೆ ಸುತ್ತು ಹೊಡೆಯುತ್ತಿತ್ತು, ನಾನು ಹೊರಗೆ ಕೂತಿದ್ದೆ. ಇಬ್ಬರಲ್ಲಿ ಯಾರು ಸಿಕ್ಕಿಬಿದ್ದವರು ಎಂದು ಹೇಳುವುದು ಕಷ್ಟವಿತ್ತು.

ಅವರು ಅದನ್ನು ಬಿಳಿ ತಟ್ಟೆಗೆ ಹಾಕಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಹಿಂಗಾಲು ಸಣ್ಣ ಇದೆ ಮೇಡಂ. ಇದು ಬೇರೆ. ಅಂಗಳದ ಹುಳ.”

“ಇನ್ನೊಮ್ಮೆ ನೋಡ್ರಿ.”

“ಜಾಸ್ತಿ ನೋಡಿದ್ರೆ ದಪ್ಪ ಆಗುತ್ತಾ?” ಎಂದರು. ಅವರು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಅವತ್ತು.

ನಲವತ್ತೈದನೆಯ ದಿನ ಹತ್ತೂ ಬಲೆ ಬಿಚ್ಚಿ, ಕಾಯಿ ಒಡೆದು ನೋಡಿ, ಕಾಗದದಲ್ಲಿ ಹತ್ತು ಸೊನ್ನೆ ಬರೆದು ಸಹಿ ಹಾಕಿದರು. ನಂಬರು ಉಳಿಯಿತು. ನಾನು ಪೆನ್ನಿನಲ್ಲಿ ಬರೆದ ಕಾರಣದ ಒಂದು ಪ್ರತಿ ಬೇಕೆಂದು ಕೇಳಿದರು. ಘಟಕದ ಹೆಸರು ಅಳಿಸಿ ಬೇರೆ ಘಟಕದವರಿಗೆ ತೋರಿಸುತ್ತಾರಂತೆ. ಕೊಟ್ಟೆ. ಅಂತೂ ನನ್ನ ಸಲಹೆಯನ್ನು ಕೇಳಿ ಪಡೆದವರು ಅವರೊಬ್ಬರೇ.

ಮುಂಗಾರಿನ ಶೇಂಗಾ ಬಂದು ಹೊಸ ಅಟ್ಟಿ ಏರಿದ ದಿನ ಗ್ಯಾಸಿನವನು ಟೆಂಪೋದಲ್ಲಿ ಉದ್ದನೆಯ ಚೀಲಗಳನ್ನು ತಂದ. ಹಲವಾಗಲಿನ ಮರಳು. ಇಳಿಸುವ ಮೊದಲು ಜೇಬಿನಿಂದ ಪರ್ಮಿಟ್ ತೆಗೆದು ನನಗೆ ತೋರಿಸಿದ. ನಾನು ಓದಿ ವಾಪಸು ಕೊಟ್ಟೆ. ಗುಳಿಗೆ ಎಣಿಸಿದ, ತಾಡಪತ್ರಿ ಮುಚ್ಚಿದ, ಅಂಚಿನ ಮೇಲೆ ಚೀಲ ಇಡುತ್ತ ಬಂದ. 

“ಅಕ್ಕಾ, ಒಂದ ಸಾಲು ಸಾಕಾ?”

“ನೀ ಹೇಳು.”

“ಒಂದ ಸಾಕು.”

ಒಂದು ಚೀಲದ ಹೊಲಿಗೆ ಬಿಟ್ಟಿತ್ತು. ತೊಳೆದ ನೆಲದ ಮೇಲೆ ಬಾಗಿಲಿಂದ ಅಟ್ಟಿಯ ತನಕ ಮರಳಿನ ಸಣ್ಣ ಗೆರೆ ಬಿದ್ದಿತ್ತು. ದೊಡ್ಡವ್ವ ಕಸಬರಿಗೆ ತೆಗೆದುಕೊಂಡು ಬಂದು ನನ್ನ ಮುಖ ನೋಡಿದಳು.

“ತಂಗೀ, ಉಸುಕು ಸೋರಾಕ ಹತ್ತೈತಿ. ಆಮ್ಯಾಲ ನನಗ ಬೈಬ್ಯಾಡ.”

“ಸೋರ್ಲಿ ಬಿಡು ದೊಡ್ಡವ್ವ,” ಎಂದೆ. “ಉಸುಕಿಗೆ ರೆಕ್ಕಿ ಇಲ್ಲ.”